ಸರ್ಕಾರಿ ಶಾಲೆಯ ಅಂಗಳಕ್ಕೆ ಮರಗಳು: ಸರ್ಕಾರದ ಹಣ ಕೇಳುವುದು, ಪಡೆಯುವುದು ಮತ್ತು ಗಿಡ ಉಳಿಸಿಕೊಳ್ಳುವುದು ಹೇಗೆ?

ಜೂನ್ 5ರ ಪರಿಸರ ದಿನ ಮತ್ತು ಜುಲೈ ಮೊದಲ ವಾರದ ವನಮಹೋತ್ಸವದ ಹೊತ್ತಿಗೆ ನಮ್ಮ ಸರ್ಕಾರಿ ಶಾಲೆಗಳಿಗೆ ಗಿಡಗಳ ಕೊರತೆ ಬೀಳುವುದಿಲ್ಲ. ಕೊರತೆ ಬೀಳುವುದು ಆ ಗಿಡಗಳು ಮೂರು ಬೇಸಿಗೆ ದಾಟುವುದಕ್ಕೆ ಬೇಕಾದ ನೀರು, ಬೇಲಿ ಮತ್ತು ಕೂಲಿಗೆ. ಏಪ್ರಿಲ್ ಎರಡನೇ ವಾರದಲ್ಲಿ ಶಾಲೆಗೆ ಬೀಗ ಬಿದ್ದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಅಷ್ಟರಲ್ಲಿ ಮಕ್ಕಳು ಹೆಸರಿಟ್ಟು ಬೆಳೆಸಿದ ಗಿಡ ಒಣಗಿ ಕಡ್ಡಿಯಾಗಿರುತ್ತದೆ. ಆದ್ದರಿಂದ ಶಾಲೆಯೊಂದು ಸರ್ಕಾರದ ಮುಂದೆ ಹಣ ಕೇಳಲು ಹೋಗುವಾಗ ಗಿಡಗಳ ಸಂಖ್ಯೆಗಿಂತ ಮೊದಲು ಮೂರು ವರ್ಷಗಳ ಪೋಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಮುಖ್ಯಶಿಕ್ಷಕರು ಮತ್ತು ತಮ್ಮೂರಿನ ಶಾಲೆಗೆ ನೆರವಾಗಬೇಕೆಂದಿರುವ ಹಳೆಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಸರ್ಕಾರಿ ಶಾಲೆಗೆ ಬರುವ ಬಹುಪಾಲು ಮಕ್ಕಳ ಮನೆ ಶೀಟಿನ ಸೂರಿನದ್ದು ಅಥವಾ ಒಂದೇ ಕೋಣೆಯದ್ದು. ಶಾಲೆಯ ಕೊಠಡಿಯೂ ಕಾದ ಕಾವಲಿಯಂತಿದ್ದರೆ ಆ ಮಕ್ಕಳಿಗೆ ದಿನದಲ್ಲಿ ತಂಪಾದ ಒಂದು ಗಂಟೆಯೂ ಸಿಗುವುದಿಲ್ಲ. ನೆರಳು ಅವರಿಗೆ ಅಲಂಕಾರದ ವಿಷಯವಲ್ಲ. ಶೌಚಾಲಯ, ಕುಡಿಯುವ ನೀರುಗಳಂತೆ ಅದನ್ನೂ ಶಾಲೆಯ ಮೂಲಸೌಕರ್ಯವೆಂದೇ ಕೇಳಬೇಕು.

ಮೊದಲ ಹೆಜ್ಜೆ: ಹಿಂದಿನ ವರ್ಷದ ದಸರಾಕ್ಕೆ ಕೆಲಸ ಶುರು

ಜೂನ್ ತಿಂಗಳಲ್ಲಿ ಗಿಡ ನೆಡಬೇಕೆಂದು ಮೇ ತಿಂಗಳಲ್ಲಿ ಕಚೇರಿಗಳಿಗೆ ಅಲೆದರೆ ಗಿಡ ಸಿಗಬಹುದು, ಹಣ ಸಿಗುವುದಿಲ್ಲ. ಪಂಚಾಯಿತಿಯ ಕ್ರಿಯಾ ಯೋಜನೆಯೂ ಇಲಾಖೆಯ ಆಯವ್ಯಯವೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷಕ್ಕೆ ಮುಂಚಿತವಾಗಿಯೇ ಸಿದ್ಧವಾಗುತ್ತವೆ. ಉದ್ಯೋಗ ಖಾತ್ರಿಯ ಕಾಮಗಾರಿಗಳ ಪಟ್ಟಿ ತಯಾರಿಸುವ ಗ್ರಾಮಸಭೆಗಳು ಅಕ್ಟೋಬರ್ 2ರ ಗಾಂಧಿ ಜಯಂತಿಯಿಂದ ನಡೆಯುವುದು ವಾಡಿಕೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿಯೂ ಮುಂದಿನ ಮುಂಗಾರಿಗೆ ಬೇಕಾದ ಗಿಡಗಳನ್ನು ಹಿಂದಿನ ಚಳಿಗಾಲದಿಂದಲೇ ಬೆಳೆಸಲಾಗುತ್ತದೆ. ಹಾಗಾಗಿ ದಸರಾ ರಜೆ ಮುಗಿಸಿ ಶಾಲೆ ತೆರೆದ ವಾರವೇ ಎಸ್‌ಡಿಎಂಸಿ ಸಭೆ ಕರೆಯುವುದು ಸರಿಯಾದ ಸಮಯ. ಆಗ ಶುರು ಮಾಡಿದರೆ ಡಿಸೆಂಬರ್ ಒಳಗೆ ಅರ್ಜಿಗಳು ತಲುಪಬೇಕಾದಲ್ಲಿಗೆ ತಲುಪುತ್ತವೆ.

ಎರಡನೇ ಹೆಜ್ಜೆ: ಅಂಗಳವನ್ನು ಅಳೆಯುವುದು

ಅರ್ಜಿ ಬರೆಯುವ ಮೊದಲು ಟೇಪು ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕಬೇಕು. ಶಾಲೆಯ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ಪಹಣಿ, ಖಾತೆ ಅಥವಾ ದಾನಪತ್ರದಲ್ಲಿ ನೋಡಿಕೊಳ್ಳಬೇಕು. ಹಳ್ಳಿಗಳಲ್ಲಿ ಎಷ್ಟೋ ಶಾಲೆಗಳು ಹಿರಿಯರೊಬ್ಬರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ನಿಂತಿವೆ. ಅಂಥ ಕಡೆ ಗಡಿಯಂಚಿನಲ್ಲಿ ಗಿಡ ನೆಟ್ಟರೆ ಮುಂದೆ ತಕರಾರು ಬಂದು ಮರಕ್ಕೇ ಕೊಡಲಿ ಬೀಳುತ್ತದೆ.

ನಂತರ ಒಂದು ಹಾಳೆಯ ಮೇಲೆ ಕೈನಕ್ಷೆ ಬರೆಯಬೇಕು. ಕಟ್ಟಡ, ಅಡುಗೆಕೋಣೆ, ಶೌಚಾಲಯದ ಗುಂಡಿ, ನೀರಿನ ತೊಟ್ಟಿ, ಕೊಳವೆಬಾವಿ, ವಿದ್ಯುತ್ ತಂತಿ ಹಾಯ್ದಿರುವ ದಾರಿ, ಪ್ರಾರ್ಥನೆಯ ಜಾಗ, ಕೊಕ್ಕೊ ಮತ್ತು ಕಬಡ್ಡಿ ಅಂಕಣ, ಹಾಗೂ ಮುಂದೆ ಹೊಸ ಕೊಠಡಿ ಬರಬಹುದಾದ ಖಾಲಿ ಜಾಗ, ಇಷ್ಟನ್ನೂ ಗುರುತಿಸಬೇಕು. ಕೊನೆಯದನ್ನು ಮರೆಯುವವರೇ ಹೆಚ್ಚು. ಹತ್ತು ವರ್ಷದ ಹೊಂಗೆಯನ್ನು ಹೊಸ ಕೊಠಡಿಯ ಪಾಯಕ್ಕಾಗಿ ಕಡಿಯುವ ಸ್ಥಿತಿ ಬರುವುದು ಇದರಿಂದಲೇ. ಇಷ್ಟನ್ನೂ ಬಿಟ್ಟು ಉಳಿಯುವ ಜಾಗವೇ ಮರಗಳ ಜಾಗ. ನೆರಳಿನ ಮರಗಳ ನಡುವೆ ಕನಿಷ್ಠ 6 ಮೀಟರ್ ಅಂತರ ಬೇಕು. ಹಾಗೆ ಲೆಕ್ಕ ಹಾಕಿದರೆ 10 ಗುಂಟೆ ಜಾಗದಲ್ಲಿ ಹಿಡಿಯುವುದು 28 ಮರ. ನೂರಾರು ಗಿಡ ನೆಟ್ಟೆವೆಂದು ಹೇಳಿಕೊಳ್ಳುವ ಆಸೆಗೆ ಇಲ್ಲಿಯೇ ಕಡಿವಾಣ ಹಾಕಬೇಕು.

ಮಧ್ಯಾಹ್ನದ ನಂತರದ ಬಿಸಿಲು ತರಗತಿಯ ಗೋಡೆಗೆ ಬಡಿಯುವುದು ಪಶ್ಚಿಮದಿಂದ. ಆದ್ದರಿಂದ ಮೊದಲ ಸಾಲು ಪಶ್ಚಿಮ ಮತ್ತು ನೈಋತ್ಯ ದಿಕ್ಕಿನಲ್ಲಿರಲಿ, ಗೋಡೆಯಿಂದ 5–6 ಮೀಟರ್ ದೂರದಲ್ಲಿರಲಿ. ಮಕ್ಕಳು ಬಿಸಿಯೂಟಕ್ಕೆ ಕೂರುವ ಜಾಗ ಎರಡನೆಯದು.

ಮೂರನೇ ಹೆಜ್ಜೆ: ಎಸ್‌ಡಿಎಂಸಿ ಠರಾವು

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವಿಲ್ಲದೆ ಯಾವ ಕಚೇರಿಯೂ ಅರ್ಜಿಯನ್ನು ಗಂಭೀರವಾಗಿ ನೋಡುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21 ಮತ್ತು 22ನೇ ಪ್ರಕರಣಗಳು ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸುವ ಮತ್ತು ಶಾಲೆಗೆ ಬಂದ ಅನುದಾನದ ಬಳಕೆಯನ್ನು ಗಮನಿಸುವ ಹೊಣೆಯನ್ನು ಶಾಲಾ ಸಮಿತಿಗೇ ಒಪ್ಪಿಸಿವೆ. ಆ ಯೋಜನೆಯಲ್ಲಿ ಮರಗಳಿಗೆ ಪ್ರತ್ಯೇಕ ಸಾಲು ಇರಬೇಕು. ಠರಾವಿನಲ್ಲಿ ‘ಶಾಲಾ ಆವರಣದಲ್ಲಿ ಗಿಡ ನೆಡಲು ತೀರ್ಮಾನಿಸಲಾಯಿತು’ ಎಂದು ಒಂದೇ ವಾಕ್ಯ ಬರೆದು ಬಿಡುವ ಬದಲು ಹೀಗೆ ಬರೆಯಬಹುದು:

‘ಶಾಲೆಯ ಪಶ್ಚಿಮ ಮತ್ತು ದಕ್ಷಿಣ ಅಂಚಿನ 10 ಗುಂಟೆ ಜಾಗದಲ್ಲಿ 28 ನೆರಳಿನ ಮತ್ತು ಹಣ್ಣಿನ ಗಿಡಗಳನ್ನು ನೆಟ್ಟು ಮೂರು ವರ್ಷ ಪೋಷಿಸಲು ಸಭೆಯು ತೀರ್ಮಾನಿಸಿತು. ಗಿಡಗಳನ್ನು ಅರಣ್ಯ ಇಲಾಖೆಯಿಂದಲೂ, ಗುಂಡಿ ತೆಗೆಯುವ, ಬೇಲಿ ಕಟ್ಟುವ ಹಾಗೂ ಬೇಸಿಗೆಯಲ್ಲಿ ನೀರುಣಿಸುವ ಕೂಲಿ ವೆಚ್ಚವನ್ನು ಗ್ರಾಮ ಪಂಚಾಯಿತಿಯಿಂದಲೂ ಕೋರಲು ಮುಖ್ಯಶಿಕ್ಷಕರಿಗೆ ಅಧಿಕಾರ ನೀಡಲಾಯಿತು. ಬೇಸಿಗೆ ರಜೆಯಲ್ಲಿ ನೀರಿನ ಮೇಲುಸ್ತುವಾರಿಯನ್ನು ಸಮಿತಿಯ ಇಬ್ಬರು ಸದಸ್ಯರು ವಹಿಸಿಕೊಂಡರು.’

ಆ ಇಬ್ಬರ ಹೆಸರು ನಡಾವಳಿಯಲ್ಲಿ ಬರಲಿ, ಅವರ ಸಹಿಯೂ ಇರಲಿ. ಠರಾವಿನ ಪ್ರತಿ, ಕೈನಕ್ಷೆ, ಜಾಗದ ದಾಖಲೆ, ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರುವ ಗುರುತಿನ ಸಂಖ್ಯೆ), ಮಕ್ಕಳ ದಾಖಲಾತಿ ಸಂಖ್ಯೆ ಮತ್ತು ಖಾಲಿ ಅಂಗಳದ ನಾಲ್ಕು ದಿಕ್ಕಿನ ಫೋಟೋಗಳನ್ನು ಸೇರಿಸಿ ಒಂದೇ ಕಡತ ಮಾಡಿ ಐದಾರು ಪ್ರತಿ ತೆಗೆದಿಟ್ಟುಕೊಂಡರೆ ಮುಂದಿನ ಓಡಾಟ ಅರ್ಧ ತಗ್ಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ನಾಲ್ಕನೇ ಹೆಜ್ಜೆ: ಹಣ ಯಾವ ಬಾಗಿಲಿನಿಂದ ಬರುತ್ತದೆ

ಮರಕ್ಕೆಂದೇ ಶಾಲೆಯ ಖಾತೆಗೆ ದೊಡ್ಡ ಮೊತ್ತ ನೇರವಾಗಿ ಬಂದು ಬೀಳುವುದು ಅಪರೂಪ. ಗಿಡ ಒಂದು ಇಲಾಖೆಯಿಂದ, ಕೂಲಿ ಇನ್ನೊಂದರಿಂದ, ಸಣ್ಣಪುಟ್ಟ ಸಾಮಗ್ರಿ ಮತ್ತೊಂದರಿಂದ ಎಂದು ಜೋಡಿಸಿಕೊಳ್ಳುವುದೇ ಇದರ ಮರ್ಮ.

ಗಿಡಗಳಿಗೆ ಹೋಗಬೇಕಾದ ಬಾಗಿಲು ಅರಣ್ಯ ಇಲಾಖೆಯದು. ತಾಲ್ಲೂಕಿನಲ್ಲಿ ಪ್ರಾದೇಶಿಕ ಅರಣ್ಯ ವಲಯದ ಕಚೇರಿಯಲ್ಲದೆ ಜಿಲ್ಲಾ ಪಂಚಾಯಿತಿಯ ಅಧೀನದಲ್ಲಿ ಕೆಲಸ ಮಾಡುವ ಸಾಮಾಜಿಕ ಅರಣ್ಯ ವಲಯದ ಕಚೇರಿಯೂ ಇರುತ್ತದೆ. ಶಾಲೆಗಳಿಗೆ ಹತ್ತಿರದ್ದು ಎರಡನೆಯದು. ‘ಮಗುವಿಗೊಂದು ಮರ, ಶಾಲೆಗೊಂದು ವನ’ ಎಂಬ ಹೆಸರಿನ ಯೋಜನೆ ಇಲಾಖೆಯದ್ದೇ. ಅದರಡಿ ಅಥವಾ ಆ ವರ್ಷ ಜಾರಿಯಲ್ಲಿರುವ ಬೇರೆ ಹಸಿರೀಕರಣ ಯೋಜನೆಯಡಿ ನಿಮ್ಮ ಶಾಲೆಯನ್ನು ಸೇರಿಸುವಂತೆ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ‘ಗಿಡಗಳು ಬೇಕು’ ಎಂದಷ್ಟೇ ಬರೆಯದೆ ಜಾತಿ, ಸಂಖ್ಯೆ ಮತ್ತು ಚೀಲದ ಅಳತೆಯನ್ನು ನಮೂದಿಸಬೇಕು. ಸಸ್ಯಕ್ಷೇತ್ರದಲ್ಲಿ 5×8, 6×9, 8×12, 10×16, 14×20 ಅಂಗುಲ ಹೀಗೆ ಬೇರೆ ಬೇರೆ ಅಳತೆಯ ಚೀಲಗಳಲ್ಲಿ ಗಿಡ ಬೆಳೆಸುತ್ತಾರೆ. ಮಕ್ಕಳು ಓಡಾಡುವ, ದನ ಕರು ನುಗ್ಗುವ ಅಂಗಳಕ್ಕೆ ಮೊಣಕಾಲೆತ್ತರದ ಗಿಡ ಸಾಲದು. 10×16 ಚೀಲದ, ಎದೆಯೆತ್ತರ ದಾಟಿದ ಗಿಡವನ್ನೇ ಕೇಳಬೇಕು. ಉಚಿತವೋ ರಿಯಾಯಿತಿ ದರವೋ ಎಂಬುದು ಆಯಾ ವರ್ಷದ ಆದೇಶವನ್ನು ಅವಲಂಬಿಸಿರುತ್ತದೆಯಾದ್ದರಿಂದ ಅದನ್ನೂ ಅಲ್ಲಿಯೇ ವಿಚಾರಿಸಿ ಠರಾವಿನ ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ಕೂಲಿಗೆ ಹೋಗಬೇಕಾದ ಬಾಗಿಲು ಗ್ರಾಮ ಪಂಚಾಯಿತಿಯದು, ಮತ್ತು ನನ್ನ ದೃಷ್ಟಿಯಲ್ಲಿ ಗಿಡದ ಹಣೆಬರಹ ನಿರ್ಧಾರವಾಗುವುದು ಇಲ್ಲಿಯೇ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ರಾಜ್ಯದ ಶಾಲೆಗಳಲ್ಲಿ ಕಾಂಪೌಂಡ್, ಆಟದ ಮೈದಾನ, ಅಡುಗೆಕೋಣೆ, ಪೌಷ್ಟಿಕ ತೋಟದಂಥ ಕಾಮಗಾರಿಗಳು ನಡೆದಿವೆ. ನೆಡುತೋಪಿನ ಅಂದಾಜುಪಟ್ಟಿಯಲ್ಲಿ ಮೊದಲ ವರ್ಷದ ಗುಂಡಿ, ನಾಟಿಯಲ್ಲದೆ ನಂತರದ ವರ್ಷಗಳ ನೀರು, ಪಾತಿ, ಕಾವಲಿನ ಕೂಲಿಯನ್ನೂ ಸೇರಿಸಲು ಅವಕಾಶವಿದ್ದದ್ದು ಈ ದಾರಿಯ ದೊಡ್ಡ ಅನುಕೂಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ವಿಬಿ–ಜಿ ರಾಮ್ ಜಿ ಎಂದು ಕರೆಯಲಾಗುವ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಖಾತ್ರಿಯ ದಿನಗಳನ್ನು 100ರಿಂದ 125ಕ್ಕೆ ಏರಿಸಿರುವ ಈ ಕಾಯ್ದೆ, ಬಿತ್ತನೆ ಮತ್ತು ಕಟಾವಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸುವುದಕ್ಕೂ ಅವಕಾಶ ಮಾಡಿದೆ. ಇದು ನಮಗೆ ಮುಖ್ಯವಾಗುವುದು ಏಕೆಂದರೆ ಮುಂಗಾರು ಬಿತ್ತನೆ ಮತ್ತು ಗಿಡ ನಾಟಿ ಒಂದೇ ಹೊತ್ತಿಗೆ ಬರುತ್ತವೆ. ಹಾಗಾಗಿ ಗುಂಡಿ ತೆಗೆಯುವುದು ಮತ್ತು ಬೇಲಿ ಕಟ್ಟುವುದನ್ನು ಏಪ್ರಿಲ್, ಮೇ ತಿಂಗಳಲ್ಲಿಯೇ ಮುಗಿಸುವಂತೆ ಕಾಮಗಾರಿಯನ್ನು ವಿಂಗಡಿಸಿಕೊಳ್ಳಬೇಕು. ನಿಮ್ಮ ಪಂಚಾಯಿತಿಯಲ್ಲಿ ಈ ವರ್ಷ ಯಾವ ನಿಯಮದಂತೆ ಕಾಮಗಾರಿ ಆರಂಭವಾಗುತ್ತದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿಯೇ ಅರ್ಜಿ ಬರೆಯಬೇಕು.

ಅರ್ಜಿ ಕೊಟ್ಟು ಸುಮ್ಮನಾದರೆ ಆಗದು. ಗ್ರಾಮಸಭೆಗೆ ಎಸ್‌ಡಿಎಂಸಿ ಅಧ್ಯಕ್ಷರು, ನಾಲ್ಕಾರು ತಾಯಂದಿರು ಹೋಗಿ ಶಾಲೆಯ ಹೆಸರು ಪಟ್ಟಿಯಲ್ಲಿ ಬರೆಯಿಸಿ, ಅದನ್ನು ಓದಿ ಹೇಳಿಸಿಕೊಂಡು ಬರಬೇಕು. ಕ್ರಿಯಾ ಯೋಜನೆಗೆ ಅನುಮೋದನೆ ಸಿಕ್ಕ ಮೇಲೆ ತಾಂತ್ರಿಕ ಸಹಾಯಕರು ಸ್ಥಳಕ್ಕೆ ಬಂದು ಅಂದಾಜುಪಟ್ಟಿ ತಯಾರಿಸುತ್ತಾರೆ. ಆ ದಿನ ಮುಖ್ಯಶಿಕ್ಷಕರು ನಕ್ಷೆ ಹಿಡಿದು ಜೊತೆಗಿರಬೇಕು, ಏಕೆಂದರೆ ಬೇಸಿಗೆಯ ನೀರಿನ ಕೂಲಿ ಅಂದಾಜಿನಲ್ಲಿ ಸೇರುವುದು ಅಥವಾ ಬಿಟ್ಟುಹೋಗುವುದು ಅದೇ ಗಳಿಗೆಯಲ್ಲಿ. ಉದ್ಯೋಗ ಖಾತ್ರಿಯ ಕ್ರಮದಲ್ಲಿ ಉದ್ಯೋಗ ಚೀಟಿ ಇರುವವರು ನಮೂನೆ 6ರಲ್ಲಿ ಕೆಲಸ ಕೇಳಿದರಷ್ಟೇ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ತೆಗೆಯುತ್ತಾರೆ. ಆ ಕೆಲಸ ಕೇಳುವವರು ಶಾಲೆಯ ಮಕ್ಕಳ ಪೋಷಕರೇ ಆದರೆ ಎರಡು ಲಾಭ: ಅವರಿಗೆ ಕೂಲಿ ಸಿಗುತ್ತದೆ, ಗಿಡಕ್ಕೆ ಕಾಳಜಿಯುಳ್ಳ ಕೈ ಸಿಗುತ್ತದೆ.

ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ಬರುವ ಶಾಲಾ ಸಂಯುಕ್ತ ಅನುದಾನವನ್ನು ಮರಕ್ಕೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ ರೂಪಾಯಿ. ಅದರಲ್ಲಿ ಶೇ 10ರಷ್ಟು ಸ್ವಚ್ಛತೆಗೆ ಮೀಸಲು. ವಿದ್ಯುತ್ ಬಿಲ್ಲು, ಸುಣ್ಣ ಬಣ್ಣ, ಕಲಿಕಾ ಸಾಮಗ್ರಿ, ಒಡೆದ ನಲ್ಲಿಯ ದುರಸ್ತಿ ಎಲ್ಲವೂ ಇದೇ ಹಣದಲ್ಲಿ ನಡೆಯಬೇಕು. 42 ಮಕ್ಕಳ ಶಾಲೆಯೊಂದು ತನ್ನ 25,000ದಲ್ಲಿ ಬೇಲಿ ಕಟ್ಟಿಸಲು ಹೊರಟರೆ ಕರಿಹಲಗೆಗೆ ಹಣ ಉಳಿಯುವುದಿಲ್ಲ. ಈ ಅನುದಾನದಲ್ಲಿ ನೀರಿನ ಪೈಪು, ಒಂದೆರಡು ಸಲಿಕೆ, ಬಕೆಟ್ಟುಗಳಷ್ಟನ್ನೇ ಕೊಳ್ಳುವುದು ನ್ಯಾಯ. ಇಕೋ ಕ್ಲಬ್‌ಗೆಂದು ಪ್ರತ್ಯೇಕವಾಗಿ ಹಣ ಬಂದಿದ್ದರೆ ಅದನ್ನು ಗೊಬ್ಬರ, ಊರುಗೋಲು, ನಾಮಫಲಕಗಳಿಗೆ ಬಳಸಬಹುದು.

ಕಾಂಪೌಂಡ್, ಕೊಳವೆಬಾವಿಯಂಥ ದೊಡ್ಡ ಖರ್ಚಿಗೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಶಾಲೆಗಳು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನೂ, ಗಣಿಗಾರಿಕೆಯಿಂದ ಬಾಧಿತವಾದ ಊರುಗಳ ಶಾಲೆಗಳು ಜಿಲ್ಲಾ ಖನಿಜ ಪ್ರತಿಷ್ಠಾನವನ್ನೂ ಕೇಳಬಹುದು. ಪಟ್ಟಣದ ಶಾಲೆಗಳಿಗೆ ಗ್ರಾಮೀಣ ಉದ್ಯೋಗ ಖಾತ್ರಿಯ ಅನುಕೂಲವಿಲ್ಲ. ಅವರು ಪುರಸಭೆ, ನಗರಸಭೆ ಅಥವಾ ಪಾಲಿಕೆಯ ಆಯವ್ಯಯ ತಯಾರಾಗುವ ಜನವರಿ–ಫೆಬ್ರುವರಿಗೆ ಮೊದಲೇ ವಾರ್ಡ್ ಸದಸ್ಯರು ಮತ್ತು ಮುಖ್ಯಾಧಿಕಾರಿ ಅಥವಾ ಆಯುಕ್ತರಿಗೆ ಅರ್ಜಿ ಮುಟ್ಟಿಸಬೇಕು.

ಐದನೇ ಹೆಜ್ಜೆ: ಬೇಸಿಗೆಯ ಲೆಕ್ಕವನ್ನು ಕಾಗದದ ಮೇಲೆ ತೋರಿಸುವುದು

ಅಧಿಕಾರಿಗಳಿಗೆ ‘ನೀರು ಹಾಕಲು ಹಣ ಕೊಡಿ’ ಎಂದರೆ ಅರ್ಥವಾಗುವುದಿಲ್ಲ, ಅಂಕಿ ಕೊಟ್ಟರೆ ಅರ್ಥವಾಗುತ್ತದೆ. 28 ಗಿಡಗಳಿಗೆ ತಲಾ 15 ಲೀಟರಿನಂತೆ ವಾರಕ್ಕೆ ಎರಡು ಸಲ ನೀರು ಹಾಕಿದರೆ ವಾರಕ್ಕೆ 840 ಲೀಟರ್. ಏಳು ವಾರಗಳ ರಜೆಗೆ 5,880 ಲೀಟರ್, ಅಂದರೆ ನಾಲ್ಕು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಒಂದೂವರೆ ಲೋಡು. ವಾರಕ್ಕೆ ಎರಡು ಆಳಿನಂತೆ 14 ಮಾನವ ದಿನ. 2025-26ರ ಉದ್ಯೋಗ ಖಾತ್ರಿ ಕೂಲಿ ದರ 370 ರೂಪಾಯಿಯಂತೆ 5,180 ರೂಪಾಯಿ. ಮೂರು ಬೇಸಿಗೆಗೆ ಅದೇ ದರದಲ್ಲಿ 15,540. ಇಷ್ಟು ಸಣ್ಣ ಮೊತ್ತವನ್ನು ಯಾರೂ ಕೇಳದ ಕಾರಣಕ್ಕೆ ವರ್ಷ ವರ್ಷವೂ ಅದೇ ಗುಂಡಿಯಲ್ಲಿ ಹೊಸ ಗಿಡ ನೆಡುತ್ತಿದ್ದೇವೆ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಶಾಲೆ ನಡೆಯುವ ತಿಂಗಳುಗಳಲ್ಲಿ ನೀರಿಗೆ ಬೇರೆ ದಾರಿಯಿದೆ. ಬಿಸಿಯೂಟದ ನಂತರ 60 ಮಕ್ಕಳು ಕೈ, ತಟ್ಟೆ ತೊಳೆಯಲು ತಲಾ ಎರಡು ಲೀಟರ್ ಬಳಸಿದರೂ ದಿನಕ್ಕೆ 120 ಲೀಟರ್ ನೀರು ಹರಿದುಹೋಗುತ್ತದೆ. ನಲ್ಲಿಕಟ್ಟೆಯ ಕೆಳಗೆ ಜಲ್ಲಿ ಮತ್ತು ಮರಳು ತುಂಬಿದ ಸಣ್ಣ ಗುಂಡಿ ಮಾಡಿ, ಅನ್ನದ ಅಗುಳು ಅಲ್ಲೇ ನಿಲ್ಲುವಂತೆ ಜಾಲರಿ ಇಟ್ಟು, ಅಲ್ಲಿಂದ ಕಾಲುವೆ ತೋಡಿದರೆ ಹತ್ತಿರದ ಎಂಟು ಹತ್ತು ಗಿಡಗಳಿಗೆ ಅದೇ ಸಾಕು. ಅಗುಳನ್ನು ಮಾತ್ರ ದಿನವೂ ತೆಗೆಯಬೇಕು, ಇಲ್ಲವಾದರೆ ನಾತ ಹೊಡೆದು ನೊಣ ಮುತ್ತುತ್ತದೆ.

ಆರನೇ ಹೆಜ್ಜೆ: ಜಾತಿಯ ಆಯ್ಕೆ ಮತ್ತು ನಾಟಿ

ಬಯಲುಸೀಮೆಗೆ ಹೊಂಗೆ, ಬೇವು, ನೇರಳೆ, ಹುಣಸೆ ಒಗ್ಗುತ್ತವೆ. ಮಲೆನಾಡು, ಕರಾವಳಿಗೆ ಹಲಸು, ಸಂಪಿಗೆ, ರಂಜ, ಮಾವು ಒಳ್ಳೆಯವು. ಬೆಟ್ಟದ ನೆಲ್ಲಿ ಎಲ್ಲಿಯೂ ಮಕ್ಕಳ ಪ್ರೀತಿಯ ಗಿಡ. ಅಡುಗೆಕೋಣೆಯ ಹಿಂದೆ ನುಗ್ಗೆ, ಕರಿಬೇವು ಇದ್ದರೆ ಬಿಸಿಯೂಟದ ಸಾರಿಗೆ ಒದಗುತ್ತವೆ. ಆಲ, ಅರಳಿಗಳನ್ನು ಕಟ್ಟಡ, ತೊಟ್ಟಿ, ಶೌಚಾಲಯದ ಗುಂಡಿಗಳಿಂದ 15 ಮೀಟರ್ ಆಚೆಗೆ ಜಾಗವಿದ್ದರಷ್ಟೇ ನೆಡಬೇಕು. ಗುಲ್‌ಮೊಹರ್ ಹೂ ಚೆಂದ, ಆದರೆ ಗಾಳಿಗೆ ಕೊಂಬೆ ಮುರಿಯುವ ಮರವಾದ್ದರಿಂದ ಮಕ್ಕಳು ಕೂರುವ ಜಾಗದಲ್ಲಿ ಬೇಡ. ಕಣಗಿಲೆ ಮತ್ತು ಕಾಡುಹರಳನ್ನು ಆವರಣದೊಳಗೂ ಬೇಲಿಯಲ್ಲೂ ಇಡಲೇಬಾರದು. ಕಾಡುಹರಳಿನ ಬೀಜ ತಿಂದರೆ ಮಕ್ಕಳಿಗೆ ತೀವ್ರ ವಾಂತಿ, ಭೇದಿ ಆಗುತ್ತದೆ. ನೀಲಗಿರಿ ಮತ್ತು ಅಕೇಶಿಯಾದ ಹೊಸ ನಾಟಿಯನ್ನು ರಾಜ್ಯ ಸರ್ಕಾರ 2017ರಲ್ಲಿಯೇ ನಿಷೇಧಿಸಿದೆ.

ಗುಂಡಿ ಉದ್ದ, ಅಗಲ, ಆಳ ಮೂರರಲ್ಲೂ 60 ಸೆಂಟಿಮೀಟರ್ ಇರಲಿ. ಗಟ್ಟಿ ಮೊರಂ ನೆಲವಾದರೆ 75ಕ್ಕೆ ಏರಿಸಬೇಕು. ಶಾಲೆಯ ಅಂಗಳ ಎಂದರೆ ಎಷ್ಟೋ ಕಡೆ ಹಳೆಯ ಕಟ್ಟಡದ ಸುಣ್ಣ, ಇಟ್ಟಿಗೆ ಚೂರು ತುಂಬಿದ ನೆಲ. ಆ ಮಣ್ಣನ್ನು ಹೊರಗೆ ಹಾಕಿ ಕೆರೆಗೋಡು, ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಗೆದ್ದಲು ಇರುವಲ್ಲಿ ಬೇವಿನ ಹಿಂಡಿ ಸೇರಿಸಬೇಕು. ನೆಡುವ ದಿನವನ್ನು ಕ್ಯಾಲೆಂಡರಿನ ಸಮಾರಂಭಕ್ಕಿಂತ ಮಳೆ ನಿರ್ಧರಿಸಲಿ. ಮಲೆನಾಡಿನಲ್ಲಿ ಜೂನ್ ಸರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅಲ್ಲಿ ಆಗಸ್ಟ್ ಕೊನೆಯ ನಾಟಿ ಜೂನ್ ನಾಟಿಗಿಂತ ಚೆನ್ನಾಗಿ ಬೇರು ಹಿಡಿಯುತ್ತದೆ. ನೆಡುವ ಮುನ್ನ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಪೂರ್ತಿ ಸೀಳಿ ತೆಗೆದು, ತಳದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ಕತ್ತರಿಸಬೇಕು. ಅವಸರದ ಸಮಾರಂಭಗಳಲ್ಲಿ ಚೀಲದ ಸಮೇತ ನೆಟ್ಟ ಗಿಡಗಳು ಎರಡು ವರ್ಷ ಹಸಿರಾಗಿದ್ದು ಮೂರನೇ ವರ್ಷ ಗಾಳಿಗೆ ಒರಗುತ್ತವೆ. ಗುಂಡಿ ತೋಡುವ, ಬಿಸಿಲಲ್ಲಿ ಕೊಡ ಹೊರುವ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು. ಮಣ್ಣು ಮುಚ್ಚುವುದು, ಹೆಸರಿನ ಫಲಕ ಬರೆಯುವುದು, ಪ್ರತಿ ತಿಂಗಳು ಎತ್ತರ ಅಳೆದು ಬರೆದಿಡುವುದು ಅವರ ಪಾಲಿಗಿರಲಿ.

ಕಾಂಪೌಂಡ್ ಇಲ್ಲದ ಶಾಲೆಯಲ್ಲಿ ಪ್ರತಿ ಗಿಡಕ್ಕೂ ಜಾಲಿಮುಳ್ಳಿನ ಕಟ್ಟು ಅಥವಾ ಬಿದಿರಿನ ಬುಟ್ಟಿ ಬೇಕೇ ಬೇಕು, ಒಂದು ಮೇಕೆ ಹೊಕ್ಕರೆ ಒಂದು ಮಧ್ಯಾಹ್ನದಲ್ಲಿ ಇಡೀ ಸಾಲು ಮುಗಿಯುತ್ತದೆ. ಜನವರಿ ಹೊತ್ತಿಗೆ ಪಾತಿಗೆ ತರಗೆಲೆ ಇಲ್ಲವೇ ಕಡಲೆಕಾಯಿ ಸಿಪ್ಪೆಯನ್ನು ದಪ್ಪಗೆ ಹರಡಿದರೆ ತೇವ ನಿಲ್ಲುತ್ತದೆ.

ಏಳನೇ ಹೆಜ್ಜೆ: ಲೆಕ್ಕ ಮತ್ತು ಮರಗಳ ವಹಿ

ಎಸ್‌ಡಿಎಂಸಿ ಜಂಟಿ ಖಾತೆಯಿಂದ ಖರ್ಚಾದ ಪ್ರತಿ ರೂಪಾಯಿಗೂ ಓಚರ್, ನಗದು ಪುಸ್ತಕದಲ್ಲಿ ನಮೂದು, ವರ್ಷದ ಕೊನೆಗೆ ಹಣ ಬಳಕೆ ಪ್ರಮಾಣಪತ್ರ ಇರಬೇಕು. ಪಂಚಾಯಿತಿ ಕಾಮಗಾರಿಯ ಫೋಟೋಗಳನ್ನು ಕೆಲಸಕ್ಕೆ ಮೊದಲು, ನಡೆಯುವಾಗ ಮತ್ತು ಮುಗಿದ ಮೇಲೆ ಒಂದೇ ಜಾಗದಲ್ಲಿ ನಿಂತು ತೆಗೆಸಬೇಕು. ಸಾಮಾಜಿಕ ಪರಿಶೋಧನೆಗೆ (ಊರಿನವರ ಮುಂದೆ ಕಾಮಗಾರಿಯ ಲೆಕ್ಕ ನೋಡುವುದಕ್ಕೆ) ಬಂದವರು ಕೇಳುವುದು ಅದನ್ನೇ. ಎರಡನೇ ವರ್ಷದ ಕಂತು ಕೇಳುವಾಗ ಬದುಕಿರುವ ಗಿಡಗಳ ನಿಜವಾದ ಸಂಖ್ಯೆಯನ್ನೇ ಬರೆಯಬೇಕು. 28ರಲ್ಲಿ 22 ಉಳಿದಿದ್ದರೆ ‘22 ಉಳಿದಿವೆ, 6ಕ್ಕೆ ಮರುನಾಟಿ ಬೇಕು’ ಎಂದು ಬರೆದ ಅರ್ಜಿಗೆ ಅರಣ್ಯ ಇಲಾಖೆ ಗಿಡ ಕೊಡಲು ಹಿಂಜರಿಯುವುದಿಲ್ಲ.

ಇದರ ಜೊತೆಗೆ ಮರಗಳಿಗೆಂದೇ ಒಂದು ವಹಿ ಬೇಕು. ಗಿಡದ ಕ್ರಮಸಂಖ್ಯೆ, ಜಾತಿ, ನೆಟ್ಟ ದಿನಾಂಕ, ನಕ್ಷೆಯಲ್ಲಿರುವ ಜಾಗ, ಯಾವ ಯೋಜನೆಯ ಹಣ ಎಂಬುದು ಅದರಲ್ಲಿರಲಿ. ಮುಂದೆ ಯಾವುದೋ ಕಾಮಗಾರಿಗೆಂದು ಮರ ಕಡಿಯಲು ಬಂದವರಿಗೆ ತೋರಿಸಲು ಶಾಲೆಯ ಕೈಯಲ್ಲಿರುವ ದಾಖಲೆ ಇದೊಂದೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂಬುದನ್ನು ವಹಿಯ ಮೊದಲ ಪುಟದಲ್ಲೇ ಬರೆದಿಡುವುದು ಒಳ್ಳೆಯದು. ಮುಖ್ಯಶಿಕ್ಷಕರಿಗೆ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಬೀರು, ಬೆಂಚು, ಗ್ಯಾಸ್ ಸಿಲಿಂಡರುಗಳ ಜೊತೆ ಈ ವಹಿಯನ್ನೂ ಸೇರಿಸಿ, ಹೊಸದಾಗಿ ಬಂದವರನ್ನು ಅಂಗಳದಲ್ಲಿ ಕರೆದೊಯ್ದು ಗಿಡಗಳನ್ನು ಎಣಿಸಿ, ಇಬ್ಬರ ಸಹಿಯೊಂದಿಗೆ ಹಸ್ತಾಂತರಿಸಬೇಕು.